ಹಳೆಯ ಇಸಿಯು ಯಾಕೆ ಸತ್ತಿತು?

ತಮ್ಮಾ, ಸೆಲ್ಫ್ ಹೊಡೆದರೆ ಇಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಲ್ಯಾಪ್‌ಟಾಪ್ ಹಚ್ಚಿದರೆ ಕನೆಕ್ಟ್ ಆಗುವುದಿಲ್ಲ. ಗೆಳೆಯರಿಗೆ ಫೋನ್ ಮಾಡಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಇಸಿಯು ಹೋಗೇತಿ, ಬ್ಯಾರೇದು ಹಾಕ್ಸು.’ ನಿನಗೂ ಹಾಗೇ ಅನಿಸಿರುತ್ತದೆ. ಇಸಿಯು ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್; ಹೊರಗಿನಿಂದ ತಂದು ಕೂಡಿಸಿದ ದುಬಾರಿ ವಸ್ತು ಅದು, ಒಳಗೆ ಏನು ನಡೆದಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಮೊದಲ ಅನುಮಾನ ಅದರ ಮೇಲೇ. ಆದರೆ ಇಂಥ ಮಾರ್ಪಡಿಸಿದ ಗಾಡಿಗಳ ವಾಯರಿಂಗ್ ಬಿಚ್ಚಿ ಕಟ್ಟುವುದರಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡ ನನ್ನ ಅನುಭವ ಬೇರೆ. ‘ಸತ್ತಿದೆ’ ಎಂದು ನನ್ನ ಮೇಜಿಗೆ ಬಂದವುಗಳಲ್ಲಿ ಬಹಳಷ್ಟಕ್ಕೆ ಏನೂ ಆಗಿರಲಿಲ್ಲ. ನಿಜಕ್ಕೂ ಸತ್ತವುಗಳಲ್ಲಿ ತಾನಾಗಿ ಸತ್ತದ್ದು ಅಪರೂಪ. ಗಾಡಿಯಲ್ಲೇ ಇದ್ದ ಬೇರೆ ಯಾವುದೋ ದೋಷ ಅವನ್ನು ಸುಟ್ಟಿತ್ತು. ಆ ದೋಷ ಹುಡುಕದೆ ಹೊಸದನ್ನು ಕೂಡಿಸಿದರೆ ಹೊಸದೂ ಅದೇ ಹಾದಿ ಹಿಡಿಯುತ್ತದೆ. ನಾನು ಹೇಳುವ ಮಾತು ಇಷ್ಟೇ, ಮಿಕ್ಕಿದ್ದೆಲ್ಲ ಅದನ್ನು ಮಾಡುವ ರೀತಿ.

ನಮ್ಮ ಸೀಮೆಯ ಹುಡುಗರಿಗೆ ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ನಾವು ಕಬ್ಬಿಣದ ಊರಿನವರು. ಕೊಲ್ಹಾಪುರದ ಶಿವಾಜಿ ಉದ್ಯಮನಗರದಲ್ಲಿ ಲೇತ್ ಸದ್ದು ನಿಲ್ಲುವುದಿಲ್ಲ. ಶಿರೋಲಿ, ಗೋಕುಳ ಶಿರಗಾಂವದ ಫೌಂಡ್ರಿಗಳಲ್ಲಿ ದೇಶದ ವಾಹನ ಕಂಪನಿಗಳಿಗೆ ಬೇಕಾದ ಎರಕ ಇಳಿಯುತ್ತದೆ. ಪಿಸ್ಟನ್, ಬೇರಿಂಗ್ ಇಲ್ಲೇ ತಯಾರಾಗುತ್ತವೆ. ಗಡಹಿಂಗ್ಲಜದ ಹುಡುಗ ಹೆಡ್ ಫೇಸಿಂಗ್ ಮಾಡಿಸಬೇಕೆಂದರೂ, ಪೋರ್ಟ್ ಉಜ್ಜಿಸಬೇಕೆಂದರೂ, ಕ್ರ್ಯಾಂಕ್ ಪುಲ್ಲಿಗೆ ಹಲ್ಲಿನ ಚಕ್ರ ಕಡಿಸಬೇಕೆಂದರೂ ಒಂದೂವರೆ ತಾಸಿನ ಹಾದಿ ಸಾಕು. ರೇಸಿನ ಹುಚ್ಚಂತೂ ಇಲ್ಲಿ ಹೊಸದಲ್ಲ. ಮೋಹಿತೆ ರೇಸಿಂಗ್ ಅಕಾಡೆಮಿಯ ಗೋ-ಕಾರ್ಟ್ ಟ್ರ್ಯಾಕ್ ಕೊಲ್ಹಾಪುರದಲ್ಲಿದೆ. ರೇಸರ್ ಧ್ರುವ ಮೋಹಿತೆ ಈ ಊರಿನವ, ಬ್ರಿಟಿಷ್ ಎಫ್-3ರಲ್ಲಿ ಓಡಿಸಿದ ಕೃಷ್ಣರಾಜ ಮಹಾಡಿಕ ಈ ಊರಿನವ. ಹೀಗಾಗಿ ಇಂಜಿನ್ ಕೆಲಸ ಅಂದರೆ ನಮ್ಮವರ ಕೈ ತಾನಾಗಿ ಓಡುತ್ತದೆ. ವಾಯರಿಂಗ್ ಅಂದರೆ ಮಾತ್ರ ಕೊನೆಯ ದಿನ, ಸಂಜೆ ಕತ್ತಲಾದ ಮೇಲೆ, ಮೊಬೈಲ್ ಬ್ಯಾಟರಿ ಬೆಳಕಲ್ಲಿ ಎರಡು ತಂತಿ ತಿರುವಿ ಟೇಪ್ ಸುತ್ತಿ ಮುಗಿಸುವ ಕೆಲಸ. ಸೂಕ್ಷ್ಮಮಾನಿ ಹಿಡಿದು ಪಿಸ್ಟನ್ ಗ್ಯಾಪ್ ನೋಡುವವನೇ ಅರ್ಥ್ ಲಗ್ಗನ್ನು ಪೇಂಟಿನ ಮೇಲೆ ಬಿಗಿದು ಕೈ ತೊಳೆದುಕೊಳ್ಳುತ್ತಾನೆ.

ಕಂಪನಿಯಿಂದ ಬಂದ ಗಾಡಿಗೂ ನಿನ್ನ ಗಾಡಿಗೂ ಇರುವ ವ್ಯತ್ಯಾಸ ಅಲ್ಲೇ ಇದೆ. ಕಂಪನಿಯ ಹಾರ್ನೆಸ್ಸನ್ನು ಅಳತೆಗೆ ಕತ್ತರಿಸಿ, ಮೆಷೀನಿನಲ್ಲಿ ಕ್ರಿಂಪ್ ಮಾಡಿ, ಪರೀಕ್ಷಿಸಿ ಕೂಡಿಸಿರುತ್ತಾರೆ. ಕಂಪನಿಯ ಇಸಿಯುವನ್ನೇ ಇಟ್ಟುಕೊಂಡು ಒಳಗಿನ ಲೆಕ್ಕ ಮಾತ್ರ ಬದಲಿಸಿದರೆ ಅದು ರಿಮ್ಯಾಪ್. ಅದರ ಮುಂದೆ ಇನ್ನೊಂದು ಡಬ್ಬಿ ಕೂಡಿಸಿ ಸಿಗ್ನಲ್ ತಿದ್ದಿದರೆ ಪಿಗ್ಗಿಬ್ಯಾಕ್. ಹಾಲ್ಟೆಕ್, ಲಿಂಕ್, ಮೆಗಾಸ್ಕ್ವರ್ಟ್, ಸ್ಪೀಡುಯಿನೊ ಇವೆಲ್ಲ ಸ್ಟ್ಯಾಂಡ್‌ಅಲೋನ್. ಪೆಟ್ರೋಲ್ ಎಷ್ಟು, ಸ್ಪಾರ್ಕ್ ಯಾವಾಗ ಎಂಬುದನ್ನೆಲ್ಲ ಇವೇ ನಿರ್ಧರಿಸುತ್ತವೆ. ಇವುಗಳಿಂದ ಹೊರಡುವ ಒಂದೊಂದು ತಂತಿಯನ್ನೂ ನೀನೋ ನಿನ್ನ ಮಿಸ್ತ್ರಿಯೋ ಎಳೆದಿರುತ್ತೀರಿ. ಡಬ್ಬಿ ಫ್ಯಾಕ್ಟರಿಯದು, ತಂತಿ ನಿಮ್ಮದು. ಅನುಮಾನ ಮೊದಲು ಯಾವುದರ ಮೇಲೆ ಹೋಗಬೇಕು, ನೀನೇ ಹೇಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬಾರದು.

ಮೊದಲು ಮೀಟರ್ ಅಲ್ಲ, ಪ್ರಶ್ನೆ

ಬಾನೆಟ್ ಎತ್ತುವ ಮುಂಚೆ ಒಂದು ಹಾಳೆ ತೆಗೆದುಕೋ. ಗಾಡಿ ಕೊನೆಯ ಸಲ ಬರೋಬ್ಬರಿ ಓಡಿದ್ದು ಯಾವಾಗ, ಅಲ್ಲಿಂದ ಇಲ್ಲಿಯವರೆಗೆ ಯಾರು ಏನು ಮುಟ್ಟಿದರು ಎಂದು ಬರೆ. ಸೈಲೆನ್ಸರ್ ವೆಲ್ಡಿಂಗ್ ಆಯಿತೇ? ಬ್ಯಾಟರಿ ಇಳಿದಿದೆ ಎಂದು ಟ್ರಕ್ಕಿನ 24 ವೋಲ್ಟಿನಿಂದ ಜಂಪ್ ಕೊಟ್ಟರೇ? ಹೊಸ ಮ್ಯೂಸಿಕ್ ಸಿಸ್ಟಮ್, ಹೊಸ ಗೇಜ್, ಹೊಸ ಪಂಪ್ ಬಂತೇ? ಮಳೆಯಲ್ಲಿ ನಿಂತಿತ್ತೇ? ಲ್ಯಾಪ್‌ಟಾಪಿನಲ್ಲಿ ಫರ್ಮ್‌ವೇರ್ ಅಪ್‌ಡೇಟ್ ಮಾಡಿದೆಯಾ? ಓಡುತ್ತಾ ಓಡುತ್ತಾ ಗಪ್ಪನೆ ನಿಂತಿತೋ, ಮಿಸಿಂಗ್ ಹೊಡೆದು ಹೊಡೆದು ನಿಂತಿತೋ, ರಾತ್ರಿ ಚೆನ್ನಾಗಿದ್ದದ್ದು ಬೆಳಿಗ್ಗೆ ಏಳಲಿಲ್ಲವೋ? ಗಪ್ಪನೆ ನಿಂತರೆ ಕರೆಂಟು, ರಿಲೇ, ಕ್ರ್ಯಾಂಕ್ ಸೆನ್ಸರ್ ಕಡೆ ನೋಡು. ತಡವರಿಸಿ ನಿಂತರೆ ಪೆಟ್ರೋಲ್, ಕಾಯಿಲ್, ಸಡಿಲ ಕಪ್ಲರ್ ಕಡೆ ನೋಡು. ಬಿಸಿಯಾದ ಮೇಲೆ ಮಾತ್ರ ಸತ್ತು ತಣ್ಣಗಾದ ಮೇಲೆ ಬದುಕಿದರೆ ಸೆನ್ಸರೋ ಬಿರುಕು ಬಿಟ್ಟ ಸೋಲ್ಡರೋ ಇರಬೇಕು. ಈ ಹಾಳೆ ಅರ್ಧ ಕೆಲಸ ಮಾಡಿಕೊಡುತ್ತದೆ.

ಇನ್ನೊಂದು ಶಿಸ್ತು: ಒಂದು ಸಲಕ್ಕೆ ಒಂದೇ ವಸ್ತು ಮುಟ್ಟು. ಪ್ಲಗ್, ಕಾಯಿಲ್, ರಿಲೇ ಮೂರನ್ನೂ ಒಟ್ಟಿಗೆ ಬದಲಿಸಿ ಗಾಡಿ ಸ್ಟಾರ್ಟ್ ಆದರೆ ನೀನು ಏನನ್ನೂ ಕಲಿತಂತಾಗಲಿಲ್ಲ. ದೋಷ ಹೋಯಿತೋ ಅಡಗಿಕೊಂಡಿತೋ ಗೊತ್ತಾಗುವುದಿಲ್ಲ.

ಕರೆಂಟು ಮತ್ತು ಅರ್ಥ್

ಬ್ಯಾಟರಿಯಿಂದ ಶುರು ಮಾಡು. ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಅರ್ಧ ಖಾಲಿ. ಮುಖ್ಯವಾದದ್ದು ಸೆಲ್ಫ್ ಹೊಡೆಯುವಾಗಿನ ಅಂಕಿ. ಅದು 10ರ ಆಸುಪಾಸಿನಲ್ಲಿ ನಿಲ್ಲಬೇಕು. 8ಕ್ಕೆ ಬಿದ್ದರೆ ಎಷ್ಟೋ ಇಸಿಯುಗಳು ಆ ಕ್ಷಣ ಕಣ್ಣು ಮುಚ್ಚಿ ಮತ್ತೆ ತೆರೆಯುತ್ತವೆ. ಇಂಜಿನ್ ತಿರುಗುತ್ತಲೇ ಇರುತ್ತದೆ, ಸ್ಪಾರ್ಕ್ ಮಾತ್ರ ಬರುವುದಿಲ್ಲ. ನೋಡುವವರಿಗೆ ಇಸಿಯು ಸತ್ತಂತೆಯೇ ಕಾಣುತ್ತದೆ.

ಆಮೇಲೆ ಮೇನ್ ರಿಲೇ, ಫ್ಯೂಸ್. ಇಲ್ಲಿ ಮೀಟರ್ ಮೋಸ ಮಾಡುತ್ತದೆ. ಒಂದೇ ಎಳೆ ಉಳಿದ ತಂತಿಯೂ ಮೀಟರಿನಲ್ಲಿ 12 ವೋಲ್ಟ್ ತೋರಿಸುತ್ತದೆ, ಭಾರ ಬಿದ್ದ ಕೂಡಲೇ ಕುಸಿಯುತ್ತದೆ. ಅದಕ್ಕೇ ಹಳೆಯ ಎಲೆಕ್ಟ್ರಿಷಿಯನ್ನರು ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ತಂತಿ ಹಚ್ಚಿ ಇಟ್ಟುಕೊಳ್ಳುತ್ತಿದ್ದರು. ಇಸಿಯುವಿನ ಕಪ್ಲರ್ ಬಿಚ್ಚಿ, ಅದಕ್ಕೆ ಕರೆಂಟ್ ಬರುವ ಪಿನ್ನಿಗೂ ಅರ್ಥ್ ಪಿನ್ನಿಗೂ ನಡುವೆ ಆ ಬಲ್ಬ್ ಹಿಡಿ. ಝಗ್ಗನೆ ಉರಿದರೆ ದಾರಿ ಸರಿ ಇದೆ. ಮಂಕಾಗಿ ಉರಿದರೆ ದೋಷ ಇಸಿಯುವಿನ ಹೊರಗೇ ಇದೆ. ಒಂದು ಎಚ್ಚರ: ಆ ಬಲ್ಬನ್ನು ಸೆನ್ಸರ್ ತಂತಿಗಳಿಗೆ ಎಂದೂ ಹಚ್ಚಬೇಡ. ಅಲ್ಲಿ ಮೀಟರ್ ಮಾತ್ರ.

ಈಗ ಅರ್ಥ್. ಬಿಚ್ಚಿದ ಕಪ್ಲರ್ ಮತ್ತೆ ಹಚ್ಚಿ, ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ ಒತ್ತು. ಕ್ಲ್ಯಾಂಪಿಗಲ್ಲ, ಸೀಸದ ಕಂಬಕ್ಕೇ. ಕೆಂಪು ಕಡ್ಡಿ ಇಸಿಯುವಿನ ಅರ್ಥ್ ಪಿನ್ನಿಗೆ. ಗೆಳೆಯನಿಗೆ ಸೆಲ್ಫ್ ಹೊಡೆಯಲು ಹೇಳು. 0.1 ವೋಲ್ಟಿನ ಒಳಗಿದ್ದರೆ ಒಳ್ಳೆಯದು. 0.3 ದಾಟಿದರೆ ಲಗ್ ಬಿಚ್ಚಿ, ಬಣ್ಣ ಕೆರೆದು, ಲೋಹ ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿ. ಅರ್ಧ ವೋಲ್ಟ್ ಏರಿದರೆ ಸೆನ್ಸರುಗಳು ಹೇಳುವ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಇಂಜಿನ್ ಬ್ಲಾಕಿನಿಂದ ಬಾಡಿಗೆ ಬರುವ ದಪ್ಪ ಪಟ್ಟಿಯನ್ನೂ ನೋಡು. ಇಂಜಿನ್ ಇಳಿಸಿ ಏರಿಸಿದಾಗ ಮರೆತುಹೋಗುವುದು ಅದೇ. ಅದಿಲ್ಲದಿದ್ದರೆ ಸೆಲ್ಫಿನ ನೂರಾರು ಆಂಪಿಯರ್ ಕರೆಂಟು ಇಸಿಯುವಿನ ತೆಳ್ಳನೆಯ ಅರ್ಥ್ ತಂತಿಯಲ್ಲಿ ಹಾದಿ ಹುಡುಕುತ್ತದೆ.

ಐದು ವೋಲ್ಟಿನ ಗುಟ್ಟು

ಥ್ರಾಟಲ್ ಸೆನ್ಸರ್, ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇಂಥವಕ್ಕೆಲ್ಲ ಇಸಿಯು 5 ವೋಲ್ಟ್ ಕೊಡುತ್ತದೆ. ಆ ಸಾಲಿನಲ್ಲಿ ಒಂದೇ ಒಂದು ಸೆನ್ಸರ್ ಶಾರ್ಟ್ ಆದರೂ ಇಡೀ ಸಾಲು ಕುಸಿಯುತ್ತದೆ. ಕೆಲವು ಇಸಿಯುಗಳಲ್ಲಿ ಒಳಗಿನ ಚಿಪ್ಪೂ ಅದೇ 5 ವೋಲ್ಟಿನ ಮೇಲೆ ಬದುಕುವುದರಿಂದ ಲ್ಯಾಪ್‌ಟಾಪ್ ಸಹ ಕನೆಕ್ಟ್ ಆಗುವುದಿಲ್ಲ. ಆಗ ಸಾವಿನ ಲಕ್ಷಣಗಳೆಲ್ಲ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ.

ಗಡಹಿಂಗ್ಲಜದ ಒಬ್ಬ ಹುಡುಗ ಹಳೆಯ ಹೋಂಡಾ ಸಿಟಿಯ ವಿಟೆಕ್ ಇಂಜಿನ್ನಿಗೆ ಟರ್ಬೊ ಕೂಡಿಸಿ ಸ್ಟ್ಯಾಂಡ್‌ಅಲೋನ್ ಹಾಕಿಸಿದ್ದ. ನಿಪ್ಪಾಣಿಯಿಂದ ಸಂಕೇಶ್ವರದ ಕಡೆ ಬರುವಾಗ ತವಂದಿ ಘಾಟಿನ ಏರಿನಲ್ಲಿ ಗಾಡಿ ಗಪ್ಪನೆ ನಿಂತಿತು. ಎಳೆದು ತಂದರು. ಲ್ಯಾಪ್‌ಟಾಪ್ ಕನೆಕ್ಟ್ ಆಗಲಿಲ್ಲ, ಪಂಪ್ ಸದ್ದಿಲ್ಲ. ಹುಡುಗ ಆಗಲೇ ಪುಣೆಯಲ್ಲಿ ಸೆಕೆಂಡ್ ಹ್ಯಾಂಡ್ ಇಸಿಯುವಿಗೆ ದರ ಮಾತಾಡಿಬಿಟ್ಟಿದ್ದ. ನಾನು ಥ್ರಾಟಲ್ ಸೆನ್ಸರಿನ ಕಪ್ಲರಿನಲ್ಲಿ 5 ವೋಲ್ಟ್ ನೋಡಿದೆ: 0.8. ಆ ಕಪ್ಲರ್ ಬಿಚ್ಚಿಯೇ ಇಟ್ಟೆ, ಅಂಕಿ ಬದಲಾಗಲಿಲ್ಲ. ಮ್ಯಾಪ್ ಸೆನ್ಸರ್ ಬಿಚ್ಚಿದೆ, ಇಲ್ಲ. ಆಯಿಲ್ ಪ್ರೆಶರಿನ ಸೆನ್ಸರಿಗೆ ಕೈ ಹಾಕಿದಾಗ ‘ಕಾಕಾ, ಅದು ಬರೇ ಗೇಜಿಂದು, ಇಂಜಿನ್ನಿಗೆ ಸಂಬಂಧ ಇಲ್ಲ’ ಅಂದ. ಬಿಚ್ಚಿದೆ. ಮೀಟರ್ 5.02ಕ್ಕೆ ಜಿಗಿಯಿತು, ಹಿಂದಿನಿಂದ ಪಂಪ್ ಗುಂಯ್ ಎಂದಿತು. ಗೇಜ್ ಕೂಡಿಸಿದವರು ಕಪ್ಲರಿನಿಂದ ಸೆನ್ಸರಿಗೆ ಹೋಗುವ ತಂತಿಯನ್ನು ಟರ್ಬೊದ ಹೀಟ್ ಶೀಲ್ಡಿಗೆ ತಾಗಿಸಿ ಎಳೆದಿದ್ದರು. ಘಾಟಿನ ಏರಿಗೆ ಶೀಲ್ಡ್ ಕಾದು, ಪ್ಲಾಸ್ಟಿಕ್ ಕರಗಿ, ತಾಮ್ರ ಲೋಹಕ್ಕೆ ಅಂಟಿಕೊಂಡಿತ್ತು. ಒಂದು ಗೇಣು ತಂತಿ, ಒಂದು ಹೀಟ್ ಸ್ಲೀವ್, ಮುಗಿಯಿತು.

ಆದ್ದರಿಂದ 5 ವೋಲ್ಟ್ ಬಿದ್ದಿದ್ದರೆ ಸೆನ್ಸರುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗು, ‘ಇದಕ್ಕೆ ಸಂಬಂಧ ಇಲ್ಲ’ ಎಂದು ಯಾವುದನ್ನೂ ಬಿಡಬೇಡ. ಎಲ್ಲ ಬಿಚ್ಚಿದ ಮೇಲೂ ಬರದಿದ್ದರೆ ಇಸಿಯುವನ್ನು ಗಾಡಿಯಿಂದ ಇಳಿಸಿ, ಮೇಜಿನ ಮೇಲೆ ಫ್ಯೂಸ್ ಇರುವ ತಂತಿಯಲ್ಲಿ ಕರೆಂಟು, ಅರ್ಥ್ ಎರಡನ್ನೇ ಕೊಟ್ಟು ಲ್ಯಾಪ್‌ಟಾಪ್ ಹಚ್ಚಿ ನೋಡು. ಮೇಜಿನ ಮೇಲೆ ಎಚ್ಚರವಾದರೆ ದೋಷ ಗಾಡಿಯದು. ಅದಕ್ಕೂ ಮುಂಚೆ ಕೇಬಲ್, ಡ್ರೈವರ್, ಪೋರ್ಟ್ ನಂಬರ್ ಸರಿ ಇವೆಯೇ ನೋಡಿಕೋ. ಹೊಸ ಲ್ಯಾಪ್‌ಟಾಪಿನಲ್ಲಿ ಡ್ರೈವರ್ ಇಲ್ಲದಿದ್ದರೆ ಆ ಪಾಪ ಇಸಿಯುವಿಗೆ ಸುತ್ತಿಕೊಳ್ಳಬಾರದು.

ಕನೆಕ್ಟ್ ಆದರೆ ಅದು ಏನು ಹೇಳುತ್ತದೆ ಕೇಳು

ಲ್ಯಾಪ್‌ಟಾಪ್ ಕನೆಕ್ಟ್ ಆಯಿತೆಂದರೆ ಮುಕ್ಕಾಲು ಭಯ ಬಿಡು. ಕೀ ಆನ್ ಮಾಡಿ, ಸ್ಟಾರ್ಟ್ ಮಾಡದೆ ಸೆನ್ಸರುಗಳ ಅಂಕಿ ಓದು. ಕೊಲ್ಹಾಪುರ ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಂಜಿನ್ ನಿಂತಿರುವಾಗ ಮ್ಯಾಪ್ ಸೆನ್ಸರ್ ಸುಮಾರು 95 ಕಿಲೋಪಾಸ್ಕಲ್ ತೋರಿಸಬೇಕು. ಆಂಬೋಲಿ ಘಾಟು ಇಳಿದು ಕೊಂಕಣಕ್ಕೆ ಹೋದರೆ ಅದೇ ಸೆನ್ಸರ್ 100 ದಾಟುತ್ತದೆ. ಇಲ್ಲಿ 10ನ್ನೋ 250ನ್ನೋ ತೋರಿಸಿದರೆ ಸೆನ್ಸರ್ ಇಲ್ಲವೇ ಅದರ ತಂತಿ ಕೆಟ್ಟಿದೆ. ಕೂಲೆಂಟ್ ಉಷ್ಣತೆ ಮೈನಸ್ 40 ಎಂದು ತೋರಿಸಿದರೆ ಸೆನ್ಸರಿನ ತಂತಿ ಕಡಿದಿದೆ ಎಂದೇ ಅರ್ಥ. ಗಡಹಿಂಗ್ಲಜದಲ್ಲಿ ಹಿಮ ಬೀಳುವುದಿಲ್ಲ, ಆದರೆ ಇಸಿಯು ಅದನ್ನು ನಂಬಿ ಸೆಲ್ಫ್ ಹೊಡೆದಾಗಲೆಲ್ಲ ಪೆಟ್ರೋಲ್ ಸುರಿಯುತ್ತದೆ. ಪ್ಲಗ್ ಒದ್ದೆಯಾಗಿ ಗಾಡಿ ಏಳುವುದಿಲ್ಲ.

ಮುಂದೆ ಸೆಲ್ಫ್ ಹೊಡೆದು ಆರ್‌ಪಿಎಂ ನೋಡು. 150ರಿಂದ 250ರ ನಡುವೆ ಸ್ಥಿರವಾಗಿ ಬರಬೇಕು. ಸೊನ್ನೆ ಬಂದರೆ, ಕುಣಿದಾಡಿದರೆ, ಬೇರೇನನ್ನೂ ಹುಡುಕಬೇಡ. ಕ್ರ್ಯಾಂಕ್ ಎಲ್ಲಿದೆ ಎಂದು ಗೊತ್ತಾಗದ ಹೊರತು ಇಸಿಯು ಸ್ಪಾರ್ಕ್ ಕೊಡುವುದಿಲ್ಲ, ಪೆಟ್ರೋಲ್ ಬಿಡುವುದಿಲ್ಲ. ಇಚಲಕರಂಜಿಯ ಮಗ್ಗದಲ್ಲಿ ಹಾಸಿನ ಒಂದು ಎಳೆ ಕಡಿದು ಡ್ರಾಪ್ ಪಿನ್ ಬಿದ್ದರೆ ಮಗ್ಗ ತಾನೇ ನಿಲ್ಲುತ್ತದೆ. ಮಗ್ಗ ಕೆಟ್ಟಿದೆ ಎಂದು ಅಲ್ಲಿ ಯಾರೂ ಹೇಳುವುದಿಲ್ಲ, ಕಡಿದ ಎಳೆ ಹುಡುಕುತ್ತಾರೆ. ನೀನೂ ಹಾಗೇ ಕ್ರ್ಯಾಂಕ್ ಸೆನ್ಸರಿನ ಬಳಿಗೆ ಹೋಗು. ಹಲ್ಲಿನ ಚಕ್ರಕ್ಕೂ ಸೆನ್ಸರಿಗೂ ನಡುವೆ ಸುಮಾರು 1 ಮಿಲಿಮೀಟರ್ ಅಂತರ ಇದೆಯೇ? ಚಕ್ರ ಓಲಾಡುತ್ತಿದೆಯೇ? ಸೆನ್ಸರಿನ ಅಯಸ್ಕಾಂತದ ತುದಿಗೆ ಕಬ್ಬಿಣದ ಪುಡಿ ಮೆತ್ತಿದೆಯೇ? ಎರಡು ತಂತಿಯ ಸೆನ್ಸರಾದರೆ ತಂತಿ ಅದಲುಬದಲಾಗಿದೆಯೇ? ಅದರ ಶೀಲ್ಡ್ ತಂತಿಯನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಲಾಗಿದೆಯೇ? ಇಗ್ನಿಷನ್ ಕಾಯಿಲಿನ ತಂತಿಯ ಜೊತೆಗೇ ಸೆನ್ಸರಿನ ತಂತಿಯನ್ನು ಕಟ್ಟಿದ್ದರೆ ಬೇರೆ ಮಾಡು. ರೆಸಿಸ್ಟರ್ ಇಲ್ಲದ ರೇಸಿಂಗ್ ಪ್ಲಗ್ ಹಾಕಿದ್ದರೆ ತೆಗೆದು ರೆಸಿಸ್ಟರ್ ಇರುವುದನ್ನೇ ಹಾಕು. ಪ್ಲಗ್ಗಿನ ಗದ್ದಲದಲ್ಲಿ ಸೆನ್ಸರಿನ ಸಣ್ಣ ಸಿಗ್ನಲ್ ಮುಳುಗಿಹೋಗುತ್ತದೆ.

ಆರ್‌ಪಿಎಂ ಬರೋಬ್ಬರಿ ಬಂದೂ ಗಾಡಿ ಏಳದಿದ್ದರೆ ಮಾತ್ರ ಔಟ್‌ಪುಟ್ ನೋಡು. ಇಂಜೆಕ್ಟರ್ ಕಪ್ಲರಿಗೆ ಸಣ್ಣ ಎಲ್‌ಇಡಿ ಟೆಸ್ಟರ್ ಹಚ್ಚಿ ಸೆಲ್ಫ್ ಹೊಡೆದರೆ ಮಿಣುಕಬೇಕು. ಸ್ಪಾರ್ಕ್ ನೋಡಲು ಟೆಸ್ಟರ್ ಬಳಸು, ವಾಯರ್ ಎಳೆದು ಗಾಳಿಯಲ್ಲಿ ಹಿಡಿಯುವ ಹಳೆಯ ಪದ್ಧತಿ ಬೇಡ. ಕಾರ್ಬೊರೇಟರ್ ಕಾಲದಲ್ಲಿ ಅದು ನಡೆಯುತ್ತಿತ್ತು. ಈಗ ಆ ಹೈವೋಲ್ಟೇಜ್ ಹಾದಿ ಸಿಗದೆ ಕಾಯಿಲನ್ನೂ ಅದನ್ನು ನಡೆಸುವ ಡ್ರೈವರನ್ನೂ ಒಡೆದುಬಿಡುತ್ತದೆ. ನಾಲ್ಕರಲ್ಲಿ ಒಂದೇ ಇಂಜೆಕ್ಟರ್ ಕೆಲಸ ಮಾಡದಿದ್ದರೆ ಅದರ ಕಪ್ಲರನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡು. ದೋಷ ತಂತಿಯ ಜೊತೆ ಹೋಯಿತೋ ಇಂಜೆಕ್ಟರಿನ ಜೊತೆಗೇ ಉಳಿಯಿತೋ ಗೊತ್ತಾಗುತ್ತದೆ.

ನಿಜವಾಗಿಯೂ ಸತ್ತಿದ್ದರೆ

ಇಷ್ಟೆಲ್ಲ ಆದ ಮೇಲೂ ಅದು ಏಳದಿದ್ದರೆ, ಮೇಜಿನ ಮೇಲೂ ಮಾತಾಡದಿದ್ದರೆ, ಒಂದು ಔಟ್‌ಪುಟ್ ಶಾಶ್ವತವಾಗಿ ಅಂಟಿಕೊಂಡಿದ್ದರೆ, ಆಗ ಸತ್ತಿದೆ ಎನ್ನು. ಕೊಂದದ್ದು ಯಾವುದು ಎಂದು ಹುಡುಕುವುದು ಈಗ.

ಇಂಜೆಕ್ಟರ್ ಒಂದು ಕಾರಣ. ಸಾಮಾನ್ಯ ಇಂಜೆಕ್ಟರ್ 12ರಿಂದ 16 ಓಮ್ ಇರುತ್ತದೆ, ಒಂದು ಆಂಪಿಯರ್ ಆಸುಪಾಸು ಎಳೆಯುತ್ತದೆ. ಹಳೆಯ ಟರ್ಬೊ ಗಾಡಿಗಳಿಂದ ಬಿಚ್ಚಿ ತಂದ ದೊಡ್ಡ ಇಂಜೆಕ್ಟರುಗಳು ಎಷ್ಟೋ ಸಲ 2-3 ಓಮಿನವು, ಐದಾರು ಆಂಪಿಯರ್ ಎಳೆಯುತ್ತವೆ. ಅದಕ್ಕೆ ತಕ್ಕ ಡ್ರೈವರ್ ಇಲ್ಲದೆ, ಸಾಲಿನಲ್ಲಿ ರೆಸಿಸ್ಟರ್ ಇಲ್ಲದೆ ನೇರ ಹಚ್ಚಿದರೆ ಇಸಿಯುವಿನ ಟ್ರಾನ್ಸಿಸ್ಟರ್ ಸುಡುತ್ತದೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಮೀಟರ್ ಹಿಡಿದು ಓಮ್ ನೋಡು.

ಕಾಯಿಲ್ ಎರಡನೆಯದು. ಒಳಗೇ ಇಗ್ನೈಟರ್ ಇರುವ ಕಾಯಿಲಿಗೂ ಇಲ್ಲದ ಕಾಯಿಲಿಗೂ ವ್ಯತ್ಯಾಸ ತಿಳಿಯದೆ ಹಚ್ಚಿದರೆ ಇಗ್ನಿಷನ್ ಔಟ್‌ಪುಟ್ ಹೋಗುತ್ತದೆ. ಸಾಫ್ಟ್‌ವೇರಿನಲ್ಲಿ ಸ್ಪಾರ್ಕಿನ ದಿಕ್ಕು ಉಲ್ಟಾ ಇದ್ದರೆ ಕೀ ಆನ್ ಮಾಡಿದಷ್ಟು ಹೊತ್ತೂ ಕಾಯಿಲ್ ಕರೆಂಟು ಎಳೆಯುತ್ತಲೇ ಇರುತ್ತದೆ. ಸ್ಟಾರ್ಟ್ ಮಾಡದೆಯೇ ಕಾಯಿಲ್ ಕೈಗೆ ಬಿಸಿ ಹತ್ತಿದರೆ ತಕ್ಷಣ ಕೀ ತೆಗೆ.

ಮೂರನೆಯದು ಆಲ್ಟರ್ನೇಟರ್. ಇಂಜಿನ್ ಓಡುವಾಗ ಚಾರ್ಜಿಂಗ್ 13.8ರಿಂದ 14.5 ವೋಲ್ಟ್ ಇರಬೇಕು. ‘ಚಾರ್ಜಿಂಗ್ ನೋಡೂಣು’ ಎಂದು ಓಡುವ ಇಂಜಿನ್ನಿನ ಬ್ಯಾಟರಿ ಕ್ಲ್ಯಾಂಪ್ ಎತ್ತುವ ಮಿಸ್ತ್ರಿಗಳು ಇನ್ನೂ ಇದ್ದಾರೆ. ಆ ಕ್ಷಣ 80-100 ವೋಲ್ಟಿನ ಹೊಡೆತ ಏಳಬಹುದು. ಯಾರಾದರೂ ಕ್ಲ್ಯಾಂಪಿಗೆ ಕೈ ಹಾಕಿದರೆ ಮರ್ಯಾದೆಯಿಂದಲೇ ಕೈ ಹಿಡಿದು ನಿಲ್ಲಿಸು. ವೆಲ್ಡಿಂಗ್ ಮಾಡಿಸುವಾಗಲೂ ಅಷ್ಟೇ: ಬ್ಯಾಟರಿ ಬಿಚ್ಚು, ಇಸಿಯುವಿನ ಕಪ್ಲರನ್ನೂ ಬಿಚ್ಚು, ವೆಲ್ಡಿಂಗ್ ಅರ್ಥನ್ನು ಕೆಲಸದ ಜಾಗದ ಹತ್ತಿರವೇ ಕಚ್ಚಿಸು.

ನಾಲ್ಕನೆಯದು ನೀರು, ನಮ್ಮ ಕಡೆ ಇದನ್ನು ಮರೆಯುವಂತಿಲ್ಲ. 2019ರ ಆಗಸ್ಟಿನಲ್ಲೂ 2021ರ ಜುಲೈಯಲ್ಲೂ ಪಂಚಗಂಗೆ ಏರಿ ಶಿರೋಲಿಯ ಹತ್ತಿರ ಹೆದ್ದಾರಿಯೇ ಬಂದ್ ಆಗಿತ್ತು. ಮನೆಮುಂದಿನ ಎಷ್ಟೋ ಗಾಡಿಗಳು ನೀರಿನಲ್ಲಿ ನಿಂತವು. ಸ್ಟ್ಯಾಂಡ್‌ಅಲೋನ್ ಡಬ್ಬಿಯನ್ನು ಹೆಚ್ಚಾಗಿ ಎಡಸೀಟಿನ ಕಾಲ ಬಳಿ, ಕಾರ್ಪೆಟಿನ ಕೆಳಗೆ ಕೂಡಿಸಿರುತ್ತಾರೆ. ನೀರು ಮೊದಲು ತಲುಪುವುದು ಅಲ್ಲಿಗೇ. ಒದ್ದೆಯಾದದ್ದಕ್ಕಿಂತ ಒದ್ದೆಯಿದ್ದಾಗ ಕೀ ತಿರುಗಿಸಿದ್ದು ಹೆಚ್ಚು ಹಾಳು ಮಾಡುತ್ತದೆ. ಕರೆಂಟು, ನೀರು ಎರಡೂ ಸೇರಿದರೆ ಬೋರ್ಡಿನ ತಾಮ್ರ ಹಸಿರಾಗಿ ತಿಂದುಹೋಗುತ್ತದೆ. ಗಾಡಿ ನೀರಿಗೆ ಸಿಕ್ಕರೆ ಮೊದಲು ಬ್ಯಾಟರಿ ಬಿಚ್ಚು, ಇಸಿಯು ಇಳಿಸು, ಡಬ್ಬಿ ತೆರೆ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಮೆತ್ತಗಿನ ಬ್ರಶ್ಶಿನಿಂದ ತೊಳೆ, ಪೂರ್ತಿ ಒಣಗಿದ ಮೇಲೆ ಮಾತ್ರ ಕರೆಂಟು ಕೊಡು. ಕಪ್ಲರಿನ ಪಿನ್ನುಗಳನ್ನೂ ಬಿಡಬೇಡ.

ಸತ್ತ ಡಬ್ಬಿಯನ್ನು ಗುಜರಿಗೆ ಹಾಕಬೇಡ. ಇಚಲಕರಂಜಿಗೆ ಶಟಲ್ ಇಲ್ಲದ ಮಗ್ಗಗಳು ಬಂದ ಮೇಲೆ ಅವುಗಳ ಎಲೆಕ್ಟ್ರಾನಿಕ್ ಕಾರ್ಡ್ ರಿಪೇರಿ ಮಾಡುವ ಕೈಗಳೂ ಬೆಳೆದಿವೆ. ಸುಟ್ಟ ಮಾಸ್ಫೆಟ್ ಟ್ರಾನ್ಸಿಸ್ಟರ್ ಕಿತ್ತು ಹೊಸದು ಹಾಕುವುದು, ಬಿರುಕು ಬಿಟ್ಟ ಸೋಲ್ಡರ್ ಕರಗಿಸಿ ಕೂಡಿಸುವುದು ಅಂಥವರಿಗೆ ನಿತ್ಯದ ಕೆಲಸ. ಮೆಗಾಸ್ಕ್ವರ್ಟ್, ಸ್ಪೀಡುಯಿನೊ ಇಂಥವುಗಳ ಸರ್ಕ್ಯೂಟ್ ನಕಾಶೆ ಎಲ್ಲರಿಗೂ ಸಿಗುತ್ತದೆ, ಪ್ರಿಂಟ್ ತೆಗೆದು ಜೊತೆಗೆ ಕೊಡು. ಯಾವ ಔಟ್‌ಪುಟ್ ಹೋಗಿದೆ, ಅಲ್ಲಿ ಏನು ಹಚ್ಚಿತ್ತು ಎಂಬುದನ್ನೂ ಬರೆದು ಕೊಡು. ಆ ಒಂದು ಚೀಟಿ ಅವರ ಅರ್ಧ ದಿನ ಉಳಿಸುತ್ತದೆ.

ಎಥೆನಾಲ್, ಮ್ಯಾಪ್, ಮತ್ತು ‘ಡೈರೆಕ್ಟ್’

ಇಸಿಯುವಿಗೆ ಏನೂ ಆಗಿಲ್ಲ, ಲೆಕ್ಕ ಮಾತ್ರ ತಪ್ಪಿದೆ ಎಂಬ ಗಾಡಿಗಳು ಈಚೆಗೆ ಹೆಚ್ಚಾಗಿವೆ. ನಮ್ಮ ಹೊಲದ ಕಬ್ಬೇ ಎಥೆನಾಲ್ ಆಗಿ ಪಂಪಿಗೆ ಬರುತ್ತಿದೆ. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ, ಶೇಕಡಾ 20 ಎಥೆನಾಲ್ ಬೆರೆತದ್ದಕ್ಕೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕು. ಕಂಪನಿಯ ಇಸಿಯು ಆಕ್ಸಿಜನ್ ಸೆನ್ಸರ್ ನೋಡಿ ಸ್ವಲ್ಪಮಟ್ಟಿಗೆ ತಿದ್ದಿಕೊಳ್ಳುತ್ತದೆ. ನಿನ್ನ ಸ್ಟ್ಯಾಂಡ್‌ಅಲೋನ್ ಹಳೆಯ ಪೆಟ್ರೋಲಿಗೆ ಟ್ಯೂನ್ ಆಗಿ, ತಿದ್ದುವ ಏರ್ಪಾಟಿಲ್ಲದೆ ಓಡುತ್ತಿದ್ದರೆ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಸಾಲುವುದಿಲ್ಲ. ಟರ್ಬೊ ಗಾಡಿಯಲ್ಲಿ ಲೀನ್ ಅಂದರೆ ಪಿಸ್ಟನ್ ಕರಗುವ ಹಾದಿ. ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಇಟ್ಟು ಮತ್ತೆ ಟ್ಯೂನ್ ಮಾಡಿಸಿಕೋ. ಹಳೆಯ ರಬ್ಬರ್ ಪೈಪುಗಳನ್ನೂ ಬದಲಿಸು.

ಟ್ಯೂನ್ ಆದ ದಿನವೇ ಆ ಲೆಕ್ಕವಿರುವ ಮ್ಯಾಪ್ ಫೈಲನ್ನು ತಾರೀಕು ಹಾಕಿ ಎರಡು ಕಡೆ ಉಳಿಸು, ಒಂದು ನಿನ್ನ ಹತ್ತಿರ, ಒಂದು ಮೇಲ್‌ನಲ್ಲಿ. ಯಾವ ಫರ್ಮ್‌ವೇರಿಗೆ ಸೇರಿದ್ದು ಎಂದೂ ಬರೆದಿಡು, ಬೇರೆ ಆವೃತ್ತಿಗೆ ಹಳೆಯ ಫೈಲ್ ಸುರಿದರೆ ಸೆಟ್ಟಿಂಗ್ ಕಲಸಿಹೋಗುತ್ತದೆ. ಫರ್ಮ್‌ವೇರ್ ಹಾಕುವಾಗ ಬ್ಯಾಟರಿಗೆ ಚಾರ್ಜರ್ ಹಚ್ಚಿರಲಿ, ಕಾಯಿಲ್ ಮತ್ತು ಇಂಜೆಕ್ಟರಿನ ಫ್ಯೂಸ್ ತೆಗೆದಿರಲಿ. ಗಾಡಿಯ ಮೂಲ ಇಸಿಯು, ಮೂಲ ಹಾರ್ನೆಸ್ ಮಾರಬೇಡ. ಯಾವ ತಂತಿ ಯಾವ ಪಿನ್ನಿಗೆ, ಯಾವ ಬಣ್ಣ ಎಂಬ ನಕಾಶೆ ಗ್ಲೋವ್ ಬಾಕ್ಸಿನಲ್ಲಿರಲಿ. ಅದಿಲ್ಲದ ಗಾಡಿ ನನ್ನ ಹತ್ತಿರ ಬಂದರೆ ಮೊದಲ ದಿನವೆಲ್ಲ ತಂತಿ ಹುಡುಕುವುದರಲ್ಲೇ ಹೋಗುತ್ತದೆ, ಅದರ ಮಜೂರಿ ಕೊಡುವವನು ನೀನು.

ಒಂದು ವಿಷಯದಲ್ಲಿ ಮಾತ್ರ ನನ್ನಿಂದ ಬೈಗುಳ ತಿನ್ನುತ್ತೀ. ಪಂಪ್ ಓಡುತ್ತಿಲ್ಲ ಎಂದು ರಿಲೇ ತಪ್ಪಿಸಿ ಸ್ವಿಚ್ಚಿನಿಂದ ‘ಡೈರೆಕ್ಟ್’ ಮಾಡುವುದು. ಇಂಜಿನ್ ನಿಂತರೆ ಪಂಪ್ ನಿಲ್ಲಿಸುವುದು ಇಸಿಯುವಿನ ಜವಾಬ್ದಾರಿ. ಡೈರೆಕ್ಟ್ ಮಾಡಿದ ಗಾಡಿ ಅಪಘಾತದಲ್ಲಿ ಪಲ್ಟಿಯಾದರೂ, ಪೈಪ್ ಹರಿದರೂ ಪಂಪ್ ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಉಗುಳುತ್ತಲೇ ಇರುತ್ತದೆ. ಮನೆ ಮುಟ್ಟುವಷ್ಟು ಹೊತ್ತಿಗೆ ಎಂದರೂ ಬೇಡ, ಎಳೆದುಕೊಂಡು ಬಾ. ಪರೀಕ್ಷೆ ಮಾಡುವ ಜಾಗದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ಮೂಲ ವಿವರದಿಂದ ಗಾಡಿಯನ್ನು ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಿದೆ. ಅಪಘಾತವಾದಾಗ ವಿಮೆಯವರೂ ಇದೇ ಎಳೆ ಹಿಡಿಯುತ್ತಾರೆ. ಇಂಥ ಗಾಡಿಯ ಜಾಗ ಟ್ರ್ಯಾಕು. ಟ್ಯೂನಿಂಗ್ ನೋಡಲೆಂದು ಕಾಗಲ-ನಿಪ್ಪಾಣಿ ಹೆದ್ದಾರಿಯಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಓಡಿಸುವುದು ನಿನ್ನ ಜೀವದ ಜೊತೆಗೆ ಕಬ್ಬಿನ ಟ್ರ್ಯಾಕ್ಟರಿನವನ ಜೀವಕ್ಕೂ ಸಂಚಕಾರ.

ಕೊನೆಗೆ ಒಂದು ಪರೀಕ್ಷೆ ಇಟ್ಟುಕೋ. ಹೊಸ ಇಸಿಯುವಿಗೆ ದುಡ್ಡು ಎಣಿಸುವ ಮುಂಚೆ ಆ ಮೊದಲಿನ ಹಾಳೆಯ ಕೆಳಗೆ ಒಂದು ಸಾಲು ಬರೆ: ಹಳೆಯದು ಇಂಥ ಕಾರಣಕ್ಕೆ ಸತ್ತಿತು, ಆ ಕಾರಣವನ್ನು ಹೀಗೆ ಸರಿಪಡಿಸಿದ್ದೇನೆ. ಆ ಸಾಲು ಬರೆಯಲು ಬಂದರೆ ನಿಶ್ಚಿಂತೆಯಿಂದ ಕೊಳ್ಳು. ಬರದಿದ್ದರೆ ದುಡ್ಡು ಕಿಸೆಯಲ್ಲೇ ಇರಲಿ, ಮೀಟರ್ ಹಿಡಿದು ಮತ್ತೆ ಬ್ಯಾಟರಿಯಿಂದ ಶುರು ಮಾಡು.